ಮಿಸಿಸಿಪ್ಪಿಯ ಆಕ್ಸ್‌ಫರ್ಡ್: ಯೂನಿವರ್ಸಿಟಿಗಾಗಿಯೇ ಬದುಕುವ ಊರು

ಇಂಗ್ಲೆಂಡಿನ ಆಕ್ಸ್‌ಫರ್ಡ್ ಅಲ್ಲ, ನಾನು ಹೋಗಿದ್ದು ಅಮೆರಿಕದ ದಕ್ಷಿಣದ ಮಿಸಿಸಿಪ್ಪಿ ರಾಜ್ಯದಲ್ಲಿರುವ ಆಕ್ಸ್‌ಫರ್ಡ್‌ಗೆ. ತಂಗಿ ಅಲ್ಲಿ ಫಾರ್ಮಸಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ಈ ಹೆಸರಿಟ್ಟರೆ ರಾಜ್ಯದ ಯೂನಿವರ್ಸಿಟಿ ತಮ್ಮೂರಿಗೇ ಬರಬಹುದು ಅಂತ ಊರಿನವರು 1837ರಲ್ಲಿ ಆಸೆಪಟ್ಟು ಇಟ್ಟರಂತೆ. ಆಸೆ ಈಡೇರಿತು, 1848ರಲ್ಲಿ ಪಾಠ ಶುರುವಾಯಿತು. ಅವತ್ತಿನಿಂದ ಇವತ್ತಿನವರೆಗೂ ಊರು ಏಳುವುದು, ಮಲಗುವುದು ಎಲ್ಲ ಯೂನಿವರ್ಸಿಟಿಯ ಲೆಕ್ಕದಲ್ಲೇ.

ಮೆಂಫಿಸ್‌ನಲ್ಲಿ ವಿಮಾನ ಇಳಿದು ದಕ್ಷಿಣಕ್ಕೆ ಸುಮಾರು 130 ಕಿಲೋಮೀಟರ್ ಕಾರಿನಲ್ಲಿ ಹೋಗಬೇಕು. ದಾರಿಯುದ್ದಕ್ಕೂ ಕುಡ್ಜು ಅನ್ನೋ ಬಳ್ಳಿ ಮರ, ಕಂಬ, ಪಾಳು ಮನೆ ಯಾವುದನ್ನೂ ಬಿಡದೆ ಹೊದ್ದುಕೊಂಡಿರುತ್ತದೆ. ಅದು ಜಪಾನಿನಿಂದ ಬಂದದ್ದು. ಮಣ್ಣು ಕೊಚ್ಚಿಹೋಗದಿರಲಿ ಅಂತ 1930ರ ದಶಕದಲ್ಲಿ ಸರ್ಕಾರವೇ ನೆಡಿಸಿತ್ತು, ಈಗ ಕಿತ್ತರೂ ಹೋಗುತ್ತಿಲ್ಲ.

ಊರಿನ ನಡುವೆ ಇರುವುದು ಸ್ಕ್ವೇರ್. ಮಧ್ಯದಲ್ಲಿ ಬಿಳಿ ಕೋರ್ಟ್ ಕಟ್ಟಡ, ಸುತ್ತ ಬಾಲ್ಕನಿ ಇರುವ ಅಂಗಡಿಗಳು, ಹೋಟೆಲ್‌ಗಳು. 1864ರಲ್ಲಿ ಅಂತರ್ಯುದ್ಧದ ಕಾಲದಲ್ಲಿ ಉತ್ತರದ ಸೈನ್ಯ ಇದನ್ನೆಲ್ಲ ಸುಟ್ಟುಹಾಕಿತ್ತು, ಈಗ ಕಾಣುವುದು ಆಮೇಲೆ ಕಟ್ಟಿದ್ದು. ಮೂಲೆಯಲ್ಲಿ ಸ್ಕ್ವೇರ್ ಬುಕ್ಸ್ ಅನ್ನೋ ಪುಸ್ತಕದಂಗಡಿ ಇದೆ, 1979ರದ್ದು. ಮಹಡಿಯಲ್ಲಿ ಕಾಫಿ ತಗೊಂಡು ಬಾಲ್ಕನಿಯಲ್ಲಿ ಕೂತರೆ ಕೆಳಗೆ ಇಡೀ ಊರು ಓಡಾಡುವುದು ಕಾಣುತ್ತದೆ. ನನಗೆ ತುಂಬಾ ಇಷ್ಟವಾದ ಜಾಗ ಅದು. ಗುರುತಿಲ್ಲದವರೂ ನಿಂತು ಮಾತಾಡಿಸುತ್ತಾರೆ, ಯಾವ ಊರು, ಊಟ ಆಯ್ತಾ, ಇಲ್ಲಿಯ ಸೆಕೆ ತಡೆಯೋಕಾಗುತ್ತಾ ಅಂತ. ಸಣ್ಣ ಮಕ್ಕಳೂ ದೊಡ್ಡವರಿಗೆ ಸರ್, ಮ್ಯಾಮ್ ಸೇರಿಸದೆ ಉತ್ತರ ಕೊಡುವುದಿಲ್ಲ. ಅಮೆರಿಕದ ದೊಡ್ಡ ನಗರಗಳಲ್ಲಿ ನಾನು ಇದನ್ನು ಕಂಡಿರಲಿಲ್ಲ.

ಯೂನಿವರ್ಸಿಟಿ ತಂಡದ ಅಮೆರಿಕನ್ ಫುಟ್‌ಬಾಲ್ ಪಂದ್ಯ ಇರುವ ಶನಿವಾರವಂತೂ ನೋಡಲೇಬೇಕು. ಊರಿನ ಜನಸಂಖ್ಯೆ 2020ರ ಗಣತಿಯಲ್ಲಿ ಸುಮಾರು 25,000, ಸ್ಟೇಡಿಯಂನಲ್ಲಿ ಹಿಡಿಸುವ ಜನ 64,000! ಕ್ಯಾಂಪಸ್ಸಿನೊಳಗೆ ಗ್ರೋವ್ ಅಂತ ಓಕ್ ಮರಗಳ ತೋಪಿದೆ, ಸುಮಾರು ಹತ್ತು ಎಕರೆ. ಅಲ್ಲಿ ಸಾಲುಸಾಲು ಕೆಂಪು, ನೀಲಿ ಟೆಂಟ್‌ಗಳು ಏಳುತ್ತವೆ, ಒಳಗೆ ಮೇಜಿಗೆ ಬಿಳಿ ಬಟ್ಟೆ, ಹೂದಾನಿ, ಬೆಳ್ಳಿ ತಟ್ಟೆ, ಕೆಲವು ಟೆಂಟ್‌ಗಳಲ್ಲಿ ತೂಗುದೀಪ ಕೂಡ. ಹುಡುಗರು ಬೋ ಟೈ ಕಟ್ಟಿ, ಹುಡುಗಿಯರು ಒಳ್ಳೊಳ್ಳೆ ಫ್ರಾಕ್ ಹಾಕಿ ಬರುತ್ತಾರೆ. ನಮ್ಮ ಕಡೆಯ ಜಾತ್ರೆಯ ಹಾಗೆ ಹಳೆಯ ವಿದ್ಯಾರ್ಥಿಗಳು ಎಲ್ಲೆಲ್ಲಿಂದಲೋ ಸಂಸಾರ ಸಮೇತ ಬಂದು, ತಾವು ಯಾವಾಗಲೂ ಕೂರುವ ಮರದ ಕೆಳಗೇ ಕೂರುತ್ತಾರೆ. ಎದುರು ಸಿಕ್ಕವರಿಗೆಲ್ಲ "ಹಾಟಿ ಟಾಡಿ" ಅನ್ನುವುದೇ ನಮಸ್ಕಾರ. ಒಂದು ಟೆಂಟಿನವರು ನಮ್ಮಿಬ್ಬರನ್ನೂ ಕರೆದು ಕೂರಿಸಿ ಫ್ರೈಡ್ ಚಿಕನ್, ಬಿಸ್ಕಿಟ್, ಸಕ್ಕರೆ ಸುರಿದ ಐಸ್ ಟೀ ಕೊಟ್ಟರು. ಅಲ್ಲಿಯ ಬಿಸ್ಕಿಟ್ ಅಂದರೆ ಮೆತ್ತನೆಯ ಬೆಣ್ಣೆ ಬನ್.

ಅದೇ ಗ್ರೋವ್‌ನಿಂದ ಒಂದೆರಡು ನಿಮಿಷ ನಡೆದರೆ ಲೈಸಿಯಂ ಸಿಗುತ್ತದೆ, ಎತ್ತರದ ಬಿಳಿ ಕಂಬಗಳ ಹಳೆಯ ಕಟ್ಟಡ. 1962ರ ಸೆಪ್ಟೆಂಬರ್ 30ರ ರಾತ್ರಿ ಇದರ ಮುಂದೆಯೇ ದೊಂಬಿಯಾಯಿತು. ಜೇಮ್ಸ್ ಮೆರೆಡಿತ್ ಅನ್ನುವ ಕಪ್ಪು ಜನಾಂಗದ ಯುವಕ, ಏರ್‌ಫೋರ್ಸ್‌ನಲ್ಲಿ ಕೆಲಸ ಮಾಡಿ ಬಂದವರು, ಇಲ್ಲಿ ಓದಲು ಬಂದರು ಅನ್ನುವುದೊಂದೇ ಕಾರಣ. ಕೋರ್ಟ್ ಆದೇಶವಿದ್ದರೂ ರಾಜ್ಯದ ಗವರ್ನರ್ ಅಡ್ಡ ನಿಂತರು. ಅಧ್ಯಕ್ಷ ಕೆನಡಿ ಸೈನ್ಯ ಕಳಿಸಬೇಕಾಯಿತು. ಇಬ್ಬರು ಸತ್ತರು, ಅವರಲ್ಲೊಬ್ಬರು ಫ್ರಾನ್ಸಿನ ಪತ್ರಕರ್ತ. ಮರುದಿನ ಬೆಳಿಗ್ಗೆ ಮೆರೆಡಿತ್ ಸೇರಿಕೊಂಡರು, 1963ರಲ್ಲಿ ಡಿಗ್ರಿಯನ್ನೂ ಪಡೆದರು. ಓದುವಷ್ಟು ದಿನವೂ ಕಾವಲಿನವರು ಜೊತೆಗಿರಬೇಕಿತ್ತು. ಲೈಸಿಯಂ ಹಿಂದೆ 2006ರಲ್ಲಿ ಅವರ ಪ್ರತಿಮೆ ನಿಲ್ಲಿಸಿದ್ದಾರೆ, ದ್ವಾರದ ಕಡೆಗೆ ನಡೆದು ಹೋಗುತ್ತಿರುವ ಹಾಗೆ. ತಂಗಿ ಲೈಬ್ರರಿಗೆ ಹೋಗುವ ದಾರಿ ಅದೇ. "ಅಕ್ಕಾ, ನಾನು ಇಲ್ಲಿ ಸುಮ್ನೆ ಓಡಾಡಿಕೊಂಡಿದ್ದೀನಲ್ಲ, ಅದಕ್ಕೆ ಇವರೂ ಕಾರಣ" ಅಂದಳು. ನನಗೆ ಮಾತೇ ಹೊರಡಲಿಲ್ಲ.

ಬದಲಾವಣೆ ಬೇಗ ಬಂದಿಲ್ಲ. ಗುಲಾಮಗಿರಿ ಉಳಿಸಲು ಹೋರಾಡಿದ ದಕ್ಷಿಣದ ಬಾವುಟವನ್ನು ಪಂದ್ಯಗಳಲ್ಲಿ ಬೀಸುವುದು ಎಷ್ಟೋ ವರ್ಷ ನಡೆದಿತ್ತು. 1997ರಲ್ಲಿ ಸ್ಟೇಡಿಯಂಗೆ ಕೋಲು ತರಬಾರದು ಅಂತ ನಿಯಮ ಮಾಡಿದ ಮೇಲೆ ಅದು ಕಡಿಮೆಯಾಯಿತು. ದಕ್ಷಿಣದ ಪರ ಹೋರಾಡಿದ ಸೈನಿಕರ ಸ್ಮಾರಕ ಕ್ಯಾಂಪಸ್ಸಿನ ಎದುರು ಭಾಗದಿಂದ ಸ್ಮಶಾನಕ್ಕೆ ಹೋಗಿದ್ದು 2020ರಲ್ಲಿ. ಟೆಂಟಿನಲ್ಲಿ ಕೂರಿಸಿ ಬಡಿಸಿದವರ ಪ್ರೀತಿಯೂ ನಿಜ, ಇದೂ ನಿಜ. ಈ ಊರಿಗೆ ಹೋದವರು ಎರಡನ್ನೂ ನೋಡಬೇಕು ಅನ್ನುವುದು ನನ್ನ ಮಾತು. ಗ್ರೋವ್ ಅಷ್ಟೇ ನೋಡಿ ಬಂದರೆ ಅರ್ಧ ಊರು ನೋಡಿದ ಹಾಗೆ.

ಕಾದಂಬರಿ ಓದುವವರಾದರೆ ವಿಲಿಯಂ ಫಾಕ್ನರ್ ಮನೆ ರೋವನ್ ಓಕ್‌ಗೂ ಹೋಗಿ. ನೊಬೆಲ್ ಪಡೆದ ಲೇಖಕರ ಕೋಣೆಯ ಗೋಡೆಯ ಮೇಲೆ, ಅವರೇ ಬರೆದಿಟ್ಟ ಒಂದು ಕಾದಂಬರಿಯ ಕಥಾಹಂದರ ಇನ್ನೂ ಹಾಗೇ ಇದೆ. ಊಟಕ್ಕೆ ಮೆಕ್ಕೆಜೋಳದ ಹಿಟ್ಟಿನಲ್ಲಿ ಹೊರಳಿಸಿ ಕರಿದ ಕ್ಯಾಟ್‌ಫಿಶ್, ಹಾಗೇ ಕರಿದ ಬೆಂಡೆಕಾಯಿ. ಆಫ್ರಿಕಾದಿಂದ ಹಿಡಿದು ತಂದ ಜನರೊಂದಿಗೆ ಬೆಂಡೆಕಾಯಿ ಈ ನೆಲಕ್ಕೆ ಬಂತು. ಗುಜರಾತಿನಲ್ಲಿ ಬೆಳೆದ ವಿಶ್ವೇಶ್ ಭಟ್ ಇದೇ ಊರಿನಲ್ಲಿ ಅಡುಗೆ ಮಾಡಿ, 2019ರಲ್ಲಿ ದಕ್ಷಿಣದ ಅತ್ಯುತ್ತಮ ಶೆಫ್ ಅಂತ ಜೇಮ್ಸ್ ಬಿಯರ್ಡ್ ಪ್ರಶಸ್ತಿ ಪಡೆದರು ಅಂದರೆ ಹೆಮ್ಮೆಯಾಗುತ್ತದೆ, ಅಲ್ವಾ?

ಇಲ್ಲೇ ಇರುವವರ ಬದುಕು ಮಾತ್ರ ಬೇರೆ. ಕಾರಿಲ್ಲದಿದ್ದರೆ ಕೈಕಾಲು ಆಡುವುದಿಲ್ಲ. ನಮ್ಮ ಕಡೆಯ ಸಾಮಾನು ಬೇಕೆಂದರೆ ತಂಗಿ, ಅವಳ ಗೆಳತಿಯರು ಒಟ್ಟಿಗೆ ಮೆಂಫಿಸ್‌ಗೆ ಹೋಗಿ ತೊಗರಿಬೇಳೆ, ಹುಣಸೆಹಣ್ಣು ಜಾಸ್ತಿಯೇ ತಂದಿಟ್ಟುಕೊಳ್ಳುತ್ತಾರೆ. ಪಂದ್ಯದ ವಾರ ಹೋಟೆಲ್ ರೂಮಿನ ಬಾಡಿಗೆ ಕೇಳುವ ಹಾಗಿಲ್ಲ. ಮೇ ತಿಂಗಳಲ್ಲಿ ಪರೀಕ್ಷೆ ಮುಗಿದರೆ ಊರೇ ಖಾಲಿ. ಅವಳಿಗೆ ಕಷ್ಟ ಅನಿಸುವುದು ಸೆಕೆಯಲ್ಲ, ಜನ ಹೊರಟು ಹೋಗುವುದು. ಇಲ್ಲಿ ಸ್ನೇಹ ಬೇಗ ಆಗುತ್ತದೆ, ನಾಲ್ಕೈದು ವರ್ಷಕ್ಕೆ ಎಲ್ಲರಿಗೂ ಡಿಗ್ರಿ ಸಿಕ್ಕಿ ಬೇರೆ ಬೇರೆ ನಗರಕ್ಕೆ ಹೋಗುತ್ತಾರೆ. ಇಲ್ಲೇ ಕೆಲಸ ಸಿಕ್ಕರೆ ಇರ್ತೀಯಾ ಅಂತ ಕೇಳಿದೆ. ಇರುವ ಮನಸ್ಸಿದೆಯಂತೆ, ಆದರೆ ಅವಳು ಓದಿದ್ದಕ್ಕೆ ಯೂನಿವರ್ಸಿಟಿ ಬಿಟ್ಟರೆ ಈ ಊರಿನಲ್ಲಿ ಕೆಲಸ ಕೊಡುವವರು ಕಡಿಮೆ.