ರಕ್ತ ಹೆಂಗ ಅಂಗಾಂಶ ಆಗ್ತದ, ಅತ್ತಿ?

ಅಣ್ಣನ ಮಗಳು ಈಗ ಒಂಬತ್ತನೇ ಕ್ಲಾಸು. ವಿಜ್ಞಾನದಲ್ಲಿ ಅಂಗಾಂಶಗಳ, ಅಂದರೆ ಒಂದು ಕೆಲಸಕ್ಕೆ ಒಟ್ಟಾಗಿ ಸೇರಿದ ಜೀವಕೋಶಗಳ ಗುಂಪುಗಳ, ಪಾಠ ಶುರುವಾದಾಗಿನಿಂದ ನನ್ನ ಬೆನ್ನು ಹತ್ತಿದ್ದಾಳೆ. ನಾನು ಕಲಬುರಗಿಯ ಒಂದು ಹಿಸ್ಟೋಪೆಥಾಲಜಿ ಲ್ಯಾಬಿನಲ್ಲಿ ಟೆಕ್ನಿಷಿಯನ್. ಆಪರೇಷನ್ ಥಿಯೇಟರಿನಿಂದ ಡಬ್ಬಿಯಲ್ಲಿ ಬರುವ ತುಣುಕುಗಳನ್ನು ತೆಳ್ಳಗೆ ಕೊಯ್ದು, ಬಣ್ಣ ಹಾಕಿ, ಸ್ಲೈಡ್ ಮಾಡಿಕೊಡುವುದು ನನ್ನ ಕೆಲಸ. ರೋಗ ಏನು ಅಂತ ಹೇಳುವವರು ಡಾಕ್ಟರು. ಆದರೂ ವರ್ಷಗಟ್ಟಲೆ ಕೊಯ್ದ ಮೇಲೆ ಯಾವುದು ಯಾವ ಅಂಗಾಂಶ ಅನ್ನುವುದು ಬ್ಲೇಡ್ ಹಿಡಿದ ಕೈಗೇ ಗೊತ್ತಾಗುತ್ತದೆ.

ಅವಳು ಪಟ್ಟಿಯನ್ನು ಬಾಯಿಪಾಠ ಮಾಡಿಕೊಂಡೇ ಬಂದಿದ್ದಳು. ಅನುಲೇಪಕ, ಸಂಯೋಜಕ, ಸ್ನಾಯು, ನರ. ನಾಲ್ಕೂ ಪಟಪಟ ಹೇಳಿದಳು. ಆಮೇಲೆ ಪೆನ್ನು ಕಚ್ಚುತ್ತಾ ಕೇಳಿದಳು: "ರಕ್ತ ಹೆಂಗ ಅಂಗಾಂಶ ಆಗ್ತದ, ಅತ್ತಿ? ಅದು ಹರೀತದ. ಎಲುಬು ಗಟ್ಟಿ ಇರ್ತದ. ಎರಡೂ ಸಂಯೋಜಕ ಅಂತ ಒಂದೇ ಗುಂಪಿನಾಗ ಯಾಕ ಹಾಕ್ಯಾರ?"

ನನ್ನ ಪ್ರಕಾರ ಇಡೀ ಪಾಠ ನಿಂತಿರುವುದೇ ಈ ಪ್ರಶ್ನೆಯ ಮೇಲೆ. ಸ್ಲೈಡ್ ನೋಡುವಾಗ ಎಲ್ಲರ ಕಣ್ಣೂ ಮೊದಲು ಜೀವಕೋಶಗಳ ಮೇಲೆ ಬೀಳುತ್ತದೆ. ನಾನು ಮೊದಲು ನೋಡುವುದು ಕೋಶಗಳ ನಡುವಿನ ಜಾಗ. ಅದು ಎಷ್ಟಿದೆ? ಅದರಲ್ಲಿ ಏನು ತುಂಬಿದೆ? ಇಷ್ಟು ಗೊತ್ತಾದರೆ ಅರ್ಧ ಗುರುತು ಸಿಕ್ಕಂತೆ.

ಸ್ಲೈಡ್ ಹೇಗೆ ತಯಾರಾಗುತ್ತದೆ ಅಂತ ಸ್ವಲ್ಪ ಹೇಳಿಬಿಡುತ್ತೇನೆ. ತುಣುಕು ಬರುವುದು ಫಾರ್ಮಲಿನ್‌ನಲ್ಲಿ. ಅದು ಕೊಳೆಯದ ಹಾಗೆ ಕಾಪಾಡುತ್ತದೆ. ಆಮೇಲೆ ಹಂತಹಂತವಾಗಿ ಆಲ್ಕೋಹಾಲ್‌ನಲ್ಲಿ ಇಟ್ಟು ನೀರು ತೆಗೆಯುತ್ತೇವೆ. ಝೈಲೀನ್‌ನಲ್ಲಿ ಇಟ್ಟು ಆಲ್ಕೋಹಾಲ್ ತೆಗೆಯುತ್ತೇವೆ. ಕೊನೆಗೆ 60 ಡಿಗ್ರಿ ಆಸುಪಾಸಿನಲ್ಲಿ ಕರಗಿದ ಮೇಣ ಒಳಗೆಲ್ಲ ಇಳಿಯುತ್ತದೆ. ಮೇಣ ಗಟ್ಟಿಯಾದ ಮೇಲೆ ಮೈಕ್ರೋಟೋಮ್‌ನಲ್ಲಿ ಕೊಯ್ಯುವುದು. ದಪ್ಪ ಸುಮಾರು 4 ಮೈಕ್ರಾನ್. ಒಂದು ಮಿಲಿಮೀಟರ್ ಅಂದರೆ 1000 ಮೈಕ್ರಾನ್. ಒಂದು ಕೆಂಪು ರಕ್ತಕಣದ ಅಗಲವೇ 7-8 ಮೈಕ್ರಾನ್ ಇರುತ್ತದೆ, ನಮ್ಮ ಕೊಯ್ತ ಅದರ ಅರ್ಧ.

ಈ ಕೆಲಸವನ್ನು ಕಲಬುರಗಿಯ ಮೇ ತಿಂಗಳಲ್ಲಿ ಮಾಡಿ ನೋಡಬೇಕು! ಹೊರಗೆ 42-43 ಡಿಗ್ರಿ. ಕರೆಂಟ್ ಹೋಗಿ ಎಸಿ ನಿಂತಿತು ಅಂದರೆ ಮೇಣದ ಬ್ಲಾಕ್ ಮೆತ್ತಗಾಗುತ್ತದೆ. ಬ್ಲೇಡಿಗೆ ತಾಗಿದ ಕೂಡಲೇ ರಿಬ್ಬನ್, ಅಂದರೆ ಸಾಲಾಗಿ ಬರುವ ತೆಳು ಕೊಯ್ತಗಳ ಪಟ್ಟಿ, ಮುದುಡಿಕೊಳ್ಳುತ್ತದೆ. ಅದಕ್ಕೇ ಬ್ಲಾಕುಗಳನ್ನು ಐಸ್ ಮೇಲೆ ಬೋರಲು ಇಟ್ಟಿರುತ್ತೇವೆ. ಒಂದೊಂದೇ ತೆಗೆದು, ಬಿಸಿಯಾಗುವ ಮುಂಚೆ ಲಗೂನೆ ಕೊಯ್ದುಬಿಡಬೇಕು. ಆಮೇಲೆ ಎರಡು ಬಣ್ಣ. ಹೆಮಟಾಕ್ಸಿಲಿನ್ ಕೋಶಕೇಂದ್ರಕ್ಕೆ ನೀಲಿ ಕೊಡುತ್ತದೆ. ಅದು ಮಧ್ಯ ಅಮೆರಿಕದ ಒಂದು ಮರದ ತಿರುಳಿನಿಂದ ಬಂದದ್ದು. ಇಯೋಸಿನ್ ಉಳಿದ ಬಹುಪಾಲಿಗೆ ಗುಲಾಬಿ ಕೊಡುತ್ತದೆ. ಬಣ್ಣ ಹಾಕದಿದ್ದರೆ ಏನೂ ಸರಿಯಾಗಿ ಕಾಣುವುದಿಲ್ಲ.

ಈಗ ನಡುವಿನ ಜಾಗಕ್ಕೆ ಬರೋಣ. ಅನುಲೇಪಕ ಅಂಗಾಂಶದಲ್ಲಿ ಅದು ಇಲ್ಲ ಅಂದರೂ ಸರಿ. ಕೋಶಕ್ಕೆ ಕೋಶ ಅಂಟಿಕೊಂಡು ನಿಂತಿರುತ್ತದೆ, ಅಡಿಯಲ್ಲಿ ತೆಳುವಾದ ಆಧಾರ ಪೊರೆ. ಒಳಗೆ ರಕ್ತನಾಳ ಇರುವುದಿಲ್ಲ. ಆಹಾರ, ಆಮ್ಲಜನಕ ಎಲ್ಲ ಕೆಳಗಿನ ಪದರದಿಂದಲೇ ಬರಬೇಕು. ಹೊರಗಿನದನ್ನು ಹೊರಗೆ, ಒಳಗಿನದನ್ನು ಒಳಗೆ ಇಡುವ ಕೆಲಸ ಇದರದ್ದು, ಹಾಗಾಗಿ ಸಂದು ಬಿಟ್ಟರೆ ನಡೆಯುವುದಿಲ್ಲ.

ಕೋಶದ ಆಕಾರ ಮಾತ್ರ ಜಾಗದಿಂದ ಜಾಗಕ್ಕೆ ಬೇರೆ. ಶ್ವಾಸಕೋಶದ ಗಾಳಿಚೀಲದಲ್ಲಿ ಒಂದೇ ಪದರ, ಅದೂ ಚಪ್ಪಟೆ, ಯಾಕೆಂದರೆ ಆಮ್ಲಜನಕ ದಾಟಿ ಹೋಗಬೇಕು. ಮೂತ್ರಪಿಂಡದ ನಳಿಕೆಗಳಲ್ಲಿ ಚೌಕ. ಕರುಳಿನಲ್ಲಿ ಉದ್ದ ಕಂಬದಂಥ ಕೋಶಗಳು, ಮಧ್ಯೆ ಮಧ್ಯೆ ಲೋಳೆ ಸುರಿಸುವವು. ಕರುಳಿನ ಈ ಒಳಪದರ ನಾಲ್ಕೈದು ದಿನಕ್ಕೆ ಹೊಸದಾಗುತ್ತದೆ, ಚರ್ಮದ ಹೊರಪದರಕ್ಕೆ ಸುಮಾರು ಒಂದು ತಿಂಗಳು ಬೇಕು. ಶ್ವಾಸನಾಳದ ಕೋಶಗಳ ತಲೆಯ ಮೇಲೆ ಸಣ್ಣ ಎಳೆಗಳಿರುತ್ತವೆ, ಸಿಲಿಯಾ ಅಂತ. ಇಲ್ಲಿ ದಾಲ್ ಮಿಲ್ಲಿನಲ್ಲಿ ದುಡಿಯುವವರ ಮೂಗಿಗೆ ಬೇಳೆಯ ಧೂಳು ಹೋಗುತ್ತಲೇ ಇರುತ್ತದೆ. ಅದು ಲೋಳೆಗೆ ಅಂಟುತ್ತದೆ, ಸಿಲಿಯಾ ಅದನ್ನು ಮೇಲಕ್ಕೆ ತಳ್ಳುತ್ತವೆ. ಬೀಡಿ ಸೇದುವವರಲ್ಲಿ ಈ ಎಳೆಗಳಿರುವ ಕೋಶ ಹೋಗಿ ಚಪ್ಪಟೆ ಕೋಶದ ಪದರಗಳು ಬರುತ್ತವೆ. ಅವು ಗಟ್ಟಿ ನಿಜ, ಆದರೆ ಧೂಳು ತಳ್ಳಲು ಬರುವುದಿಲ್ಲ. ಕೆಮ್ಮಿಯೇ ಹೊರಗೆ ಹಾಕಬೇಕು.

ಇನ್ನು ಸಂಯೋಜಕ. ನನಗೆ ಎಲ್ಲಕ್ಕಿಂತ ಇಷ್ಟವಾದ ಅಂಗಾಂಶ ಇದು. ಇಲ್ಲಿ ಲೆಕ್ಕ ಪೂರ್ತಿ ತಿರುಗುಮುರುಗು. ಸಾಮಾನ್ಯವಾಗಿ ಕೋಶಗಳು ಕಮ್ಮಿ, ನಡುವಿನ ವಸ್ತುವೇ ಜಾಸ್ತಿ. ಆ ವಸ್ತು ಎಂಥದ್ದೋ ಅಂಗಾಂಶವೂ ಅಂಥದ್ದು. ಅದರಲ್ಲಿ ಕ್ಯಾಲ್ಸಿಯಂ, ರಂಜಕದ ಲವಣ ತುಂಬಿದರೆ ಎಲುಬು. ಬಾಗುವಂತೆ ನುಣುಪಾಗಿದ್ದರೆ ಮೃದ್ವಸ್ಥಿ. ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳು ಒಂದೇ ದಿಕ್ಕಿಗೆ ಸಾಲಾಗಿ ಮಲಗಿದ್ದರೆ ಸ್ನಾಯುರಜ್ಜು, ಸ್ನಾಯುವನ್ನು ಎಲುಬಿಗೆ ಕಟ್ಟುವಂಥದ್ದು. ಎಲುಬನ್ನು ಎಲುಬಿಗೆ ಕಟ್ಟಿದರೆ ಅಸ್ಥಿರಜ್ಜು. ನಡುವಿನದು ಪ್ಲಾಸ್ಮಾ ಎಂಬ ದ್ರವವಾಗಿದ್ದರೆ ರಕ್ತ. ಅರ್ಧಕ್ಕಿಂತ ಹೆಚ್ಚು ರಕ್ತ ಪ್ಲಾಸ್ಮಾನೇ. ಅದರಲ್ಲಿ ಕಣಗಳು ತೇಲುತ್ತಿರುತ್ತವೆ. ಇಷ್ಟು ಹೇಳಿದಾಗ ಹುಡುಗಿ, "ಹಂಗಾರ ಎಲುಬಿನಾಗ ಕೋಶಗಳು ಸಿಕ್ಕೊಂಡಿರ್ತಾವ, ರಕ್ತದಾಗ ತೇಲ್ತಾವ, ಅಷ್ಟೇ ಅಲ್ಲೇನು?" ಅಂದಳು. ಪರೀಕ್ಷೆಯಲ್ಲಿ ಹೀಗೆ ಬರೆದರೆ ಮಾರ್ಕ್ಸ್ ಕೊಡುತ್ತಾರೋ ಇಲ್ಲವೋ, ನಾನಂತೂ ಪೂರ್ತಿ ಕೊಟ್ಟೆ.

ಎಲುಬು ಲ್ಯಾಬಿಗೆ ಬಂದರೆ ನಮಗೆ ತಲೆನೋವು. ಹಾಗೇ ಕೊಯ್ದರೆ ಬ್ಲೇಡ್ ಹಾಳು. ಮೊದಲು ಆಮ್ಲದಲ್ಲಿ ಇಟ್ಟು ಸುಣ್ಣದ ಅಂಶ ತೆಗೆಯಬೇಕು. ದಿನಗಳೇ ಹಿಡಿಯುತ್ತವೆ. ಲವಣ ಹೋದ ಮೇಲೆ ಅದೇ ಎಲುಬು ಬೆರಳಲ್ಲಿ ಬಾಗುತ್ತದೆ. ಆಕಾರ ಒಂದಿಷ್ಟೂ ಕೆಟ್ಟಿರುವುದಿಲ್ಲ, ಉಳಿದದ್ದೆಲ್ಲ ಕೊಲಾಜೆನ್. ಸ್ಲೈಡಿನಲ್ಲಿ ನಡುವೆ ರಕ್ತನಾಳದ ಕಾಲುವೆ, ಅದರ ಸುತ್ತ ಸುತ್ತುಸುತ್ತಾಗಿ ಪದರಗಳು, ಪದರಗಳ ನಡುವೆ ಪುಟ್ಟ ಕುಳಿಗಳಲ್ಲಿ ಕೋಶಗಳು. ಮೃದ್ವಸ್ಥಿಯಲ್ಲೂ ಕೋಶಗಳು ಕುಳಿಯಲ್ಲೇ ಕೂತಿರುತ್ತವೆ, ಆದರೆ ರಕ್ತನಾಳ ಒಂದೂ ಇಲ್ಲ. ಮೊಣಕಾಲಿನ ಮೃದ್ವಸ್ಥಿ ಸವೆದರೆ ಸುಲಭಕ್ಕೆ ತುಂಬಿಕೊಳ್ಳದಿರುವುದಕ್ಕೆ ಇದೂ ಒಂದು ಕಾರಣ.

ಕೊಬ್ಬಿನದು ಇನ್ನೊಂದು ತಮಾಷೆ. ಝೈಲೀನ್, ಆಲ್ಕೋಹಾಲ್‌ನಲ್ಲಿ ಕೊಬ್ಬು ಕರಗಿ ಹೋಗುತ್ತದೆ. ಹಾಗಾಗಿ ಸ್ಲೈಡಿನಲ್ಲಿ ಖಾಲಿ ಗೂಡುಗಳಷ್ಟೇ ಕಾಣುತ್ತವೆ, ಕೋಶಕೇಂದ್ರ ಒಂದು ಅಂಚಿಗೆ ಒತ್ತಿಕೊಂಡಿರುತ್ತದೆ. ಕೊಬ್ಬನ್ನೇ ನೋಡಬೇಕು ಅಂದರೆ ಮೇಣದ ದಾರಿ ಬಿಟ್ಟು, ತುಣುಕನ್ನು ಹೆಪ್ಪುಗಟ್ಟಿಸಿ ಕೊಯ್ಯಬೇಕು.

ನಡುವಿನ ವಸ್ತು ಅತಿಯಾದರೆ ಏನಾಗುತ್ತದೆ? ಗುಟ್ಕಾ ತಿನ್ನುವವರ ಬಾಯಿಯ ತುಣುಕು ಬಂದಾಗ ಗೊತ್ತಾಗುತ್ತದೆ. ನಮ್ಮ ಕಡೆ ಚಿಕ್ಕ ವಯಸ್ಸಿನವರದ್ದೂ ಬರುತ್ತದೆ, ಅದೇ ಸಂಕಟ. ಅಡಿಕೆಯ ಸಹವಾಸ ವರ್ಷಗಟ್ಟಲೆ ನಡೆದರೆ ಕೆನ್ನೆಯ ಒಳಗೆ ಕೊಲಾಜೆನ್ ದಟ್ಟವಾಗಿ ಕಟ್ಟಿಕೊಳ್ಳುತ್ತದೆ. ಮೇಲಿನ ಅನುಲೇಪಕ ಪದರ ತೆಳ್ಳಗಾಗುತ್ತದೆ, ಅದಕ್ಕೇ ಖಾರ ತಿಂದರೆ ಉರಿ. ಕೆಳಗೆ ಸಡಿಲವಾಗಿ ಇರಬೇಕಾದ ಎಳೆಗಳು ಸ್ಲೈಡಿನಲ್ಲಿ ಒಂದೇ ಗುಲಾಬಿ ಗೋಡೆ. ರಕ್ತನಾಳಗಳು ಕಮ್ಮಿ, ಅವೂ ಕಿರಿದಾಗಿರುತ್ತವೆ. ಸಾಮಾನ್ಯವಾಗಿ ಬಾಯಿ ತೆರೆದರೆ ನಮ್ಮದೇ ಮೂರು ಬೆರಳು ನಿಲ್ಲಿಸಿ ಹಾಕಬಹುದು, ಇವರಿಗೆ ಒಂದೂ ಕಷ್ಟ. ಜೋಳದ ರೊಟ್ಟಿ ಮುರಿದು ಬಾಯಿಗೆ ಇಡಲೂ ಆಗುವುದಿಲ್ಲ. ಮುಂದೆ ಕ್ಯಾನ್ಸರ್ ಆಗುವ ಅಪಾಯವೂ ಇದೆ. ತಂಬಾಕು ಇಲ್ಲ, ಸುಮ್ನೆ ಅಡಿಕೆ ಅಂತ ಸಮಾಧಾನ ಮಾಡಿಕೊಳ್ಳುವವರು ಇದನ್ನು ಕೇಳಿಸಿಕೊಳ್ಳಲಿ. ಈ ರೋಗಕ್ಕೆ ಅಡಿಕೆ ಒಂದೇ ಸಾಕು.

ಅಂಗಾಂಶ ಅಂತ ಬೇರೆಬೇರೆ ಗುಂಪು ಮಾಡಿ ದೇಹವನ್ನು ನೋಡಿದವರಲ್ಲಿ ಮೊದಲಿಗ ಫ್ರಾನ್ಸಿನ ಬಿಷಾ. 21 ಬಗೆ ಇವೆ ಅಂದ. ಅಚ್ಚರಿ ಅಂದರೆ ಆತ ಮೈಕ್ರೋಸ್ಕೋಪ್ ಬಳಸಲೇ ಇಲ್ಲ. ಹೆಣಗಳನ್ನು ಕೊಯ್ದು, ಒಂದೊಂದು ಭಾಗವನ್ನೂ ನೆನೆಹಾಕಿ, ಒಣಗಿಸಿ, ಕುದಿಸಿ, ಆಮ್ಲದಲ್ಲಿ ಹಾಕಿ, ಯಾವುದು ಹೇಗೆ ಬದಲಾಗುತ್ತದೆ ಅಂತ ನೋಡಿದ. 1802ರಲ್ಲಿ 30ನೇ ವಯಸ್ಸಿಗೇ ತೀರಿಹೋದ. ಕುದಿಸಿ ನೋಡುವ ಪ್ರಯೋಗ ನಮ್ಮ ಅಡುಗೆಮನೆಯಲ್ಲೂ ನಡೆಯುತ್ತದೆ ಅನ್ನಿ. ಪಾಯಾ ಮಾಡುವಾಗ ಕುರಿ ಕಾಲನ್ನು ಗಂಟೆಗಟ್ಟಲೆ ಕುದಿಸುತ್ತೇವಲ್ಲ, ಆಗ ರಜ್ಜು, ಚರ್ಮದ ಕೊಲಾಜೆನ್ ಬಿಟ್ಟುಕೊಂಡು ಜೆಲಟಿನ್ ಆಗುತ್ತದೆ. ಸಾರು ಬೆರಳಿಗೆ ಅಂಟುವುದು, ಫ್ರಿಜ್ಜಿನಲ್ಲಿ ಇಟ್ಟರೆ ಗಟ್ಟಿಯಾಗುವುದು ಅದರಿಂದಲೇ. ಅದೇ ಪಾತ್ರೆಗೆ ಮಾಂಸ ಹಾಕಿದರೆ ಎಳೆ ಎಳೆಯಾಗಿ ಬಿಡುತ್ತದೆ, ಸ್ನಾಯುವಿನ ಎಳೆಗಳು.

ಸ್ನಾಯುವಿನಲ್ಲಿ ಮೂರು ಬಗೆ. ಕೈಕಾಲಿನದು ಉದ್ದ ಎಳೆ, ಅಡ್ಡ ಪಟ್ಟೆ, ಒಂದೇ ಎಳೆಯ ಅಂಚಿನಲ್ಲಿ ಹಲವು ಕೋಶಕೇಂದ್ರ. ನಾವು ಹೇಳಿದಂತೆ ಕೇಳುತ್ತದೆ. ಕರುಳು, ರಕ್ತನಾಳ, ಗರ್ಭಕೋಶದ ಗೋಡೆಯಲ್ಲಿರುವುದಕ್ಕೆ ಪಟ್ಟೆ ಇಲ್ಲ, ಕೋಶಗಳು ಜೀರಿಗೆ ಕಾಳಿನಂತೆ ಎರಡೂ ತುದಿಗೆ ಚೂಪು. ನಮ್ಮ ಮಾತು ಕೇಳುವುದಿಲ್ಲ. ಹೃದಯದ್ದು ಪಟ್ಟೆ ಇದ್ದೂ ಮಾತು ಕೇಳದ ಮೂರನೇ ಜಾತಿ. ಎಳೆಗಳು ಕವಲೊಡೆದು ಒಂದಕ್ಕೊಂದು ಸೇರಿರುತ್ತವೆ. ಸೇರಿದ ಜಾಗದ ಅಡ್ಡಗೆರೆಗಳ ಮೂಲಕ ಮಿಡಿತದ ಸಂಕೇತ ಕೋಶದಿಂದ ಕೋಶಕ್ಕೆ ದಾಟುತ್ತದೆ, ಹಾಗಾಗಿ ಎಲ್ಲವೂ ಒಟ್ಟಿಗೆ ಕುಗ್ಗುತ್ತವೆ. ನಿಮಿಷಕ್ಕೆ 70 ಸಲ ಅಂದರೂ ದಿನಕ್ಕೆ ಒಂದು ಲಕ್ಷ ಸಲ. ಹಾರ್ಟ್ ಅಟ್ಯಾಕ್‌ನಲ್ಲಿ ಸತ್ತ ಭಾಗಕ್ಕೆ ಹೊಸ ಸ್ನಾಯು ಬರುವುದು ಇಲ್ಲವೆನ್ನುವಷ್ಟು ಕಮ್ಮಿ. ಆ ಜಾಗವನ್ನು ಕೊಲಾಜೆನ್ ತುಂಬುತ್ತದೆ. ಅದು ಹಿಡಿದುಕೊಳ್ಳುತ್ತದೆ, ಆದರೆ ಕುಗ್ಗುವುದಿಲ್ಲ.

ನರ ಅಂಗಾಂಶ ನಮ್ಮ ಲ್ಯಾಬಿಗೆ ಅಪರೂಪ. ನರಕೋಶಕ್ಕೆ ಒಂದು ದೇಹ, ಸುದ್ದಿ ತರುವ ಕವಲುಗಳು, ಸುದ್ದಿ ಒಯ್ಯುವ ಒಂದು ಉದ್ದ ಆಕ್ಸಾನ್. ಬೆನ್ನಿನ ಕೆಳಭಾಗದಿಂದ ಪಾದದವರೆಗೆ ಹೋಗುವ ಆಕ್ಸಾನ್ ಒಂದು ಮೀಟರ್ ಹತ್ತಿರ ಇರುತ್ತದೆ. ಒಂದೇ ಕೋಶ ಅಷ್ಟುದ್ದ! ಸ್ಲೈಡಿನಲ್ಲಿ ಅದನ್ನು ಪೂರ್ತಿ ನೋಡುವ ಮಾತೇ ಇಲ್ಲ, ನಮಗೆ ಸಿಗುವುದು ಅಡ್ಡ ಕೊಯ್ದ ಚುಕ್ಕೆಗಳು. ಪುಸ್ತಕದ ಚಿತ್ರ ನೋಡಿ ಹಾಗೇ ಕಾಣುತ್ತದೆ ಅಂದುಕೊಂಡ ಹುಡುಗಿಗೆ ಸ್ವಲ್ಪ ಬೇಜಾರಾಯಿತು.

ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಶಾಲೆಯ ಬೀರುವಿನಲ್ಲಿ ಮೈಕ್ರೋಸ್ಕೋಪ್ ಇದ್ದರೆ ಮೇಷ್ಟ್ರನ್ನು ಕೇಳಿ ಹೊರಗೆ ತೆಗೆಸಿ. ಸ್ವಚ್ಛವಾದ ಐಸ್‌ಕ್ರೀಮ್ ಕಡ್ಡಿಯಿಂದ ಕೆನ್ನೆಯ ಒಳಬದಿಯನ್ನು ಮೆಲ್ಲಗೆ ಕೆರೆದು ಗಾಜಿಗೆ ಹಚ್ಚಿ. ಒಂದು ಹನಿ ಮಿಥಿಲೀನ್ ಬ್ಲೂ ಹಾಕಿ, ಮೇಲೆ ಕವರ್‌ಸ್ಲಿಪ್ ಇಡಿ. ಚಪ್ಪಟೆ ಕೋಶಗಳು, ಒಂದೊಂದರ ನಡುವೆ ಒಂದು ನೀಲಿ ಚುಕ್ಕೆ. ಅನುಲೇಪಕ ಅಂದರೆ ಅದೇ. ಕೆರೆಯುವ ಮುಂಚೆ ಬಾಯಿ ಚೆನ್ನಾಗಿ ಮುಕ್ಕಳಿಸಿ, ಇಲ್ಲದಿದ್ದರೆ ಕೋಶಕ್ಕಿಂತ ರೊಟ್ಟಿ ಚೂರೇ ಜಾಸ್ತಿ ಕಾಣುತ್ತದೆ.