ಹಳೆಯ ಎಲ್‌ಪಿ ಕವರ್‌ಗಳ ಅಕ್ಷರಗಳ ಬೆನ್ನು ಹತ್ತಿ: ನಾಲ್ಕನೆಯ ತಿಂಗಳ ಕೆಲಸ

ಹಳೆಯ ರೆಕಾರ್ಡ್ ಕವರ್‌ಗಳನ್ನು ಅಕ್ಷರಕ್ಕೆ ಅಕ್ಷರ ಮತ್ತೆ ಬಿಡಿಸಿ, ಅವುಗಳನ್ನು ಕಟ್ಟಿದ ಬಗೆಯನ್ನು ಕೈಯಿಂದಲೇ ಕಲಿಯಬೇಕೆಂದು ಆರಂಭಿಸಿದ ಕೆಲಸ ಈಗ ನಾಲ್ಕನೆಯ ತಿಂಗಳಿಗೆ ಬಂದಿದೆ. ಆರಿಸಿಕೊಂಡ 12 ಕವರ್‌ಗಳಲ್ಲಿ 4 ಮುಗಿದಿವೆ, ಐದನೆಯದು ಮೇಜಿನ ಮೇಲಿದೆ. ವೇಗ ಕಡಿಮೆಯೇ. ಆದರೆ ಮೊದಲ ತಿಂಗಳ ಬಹುಪಾಲು ಸ್ಕ್ಯಾನ್ ಮಾಡುವುದರಲ್ಲೇ ಕಳೆಯಿತು. ಕವರಿನ ಒಂದೊಂದು ಬದಿಯೂ ಸುಮಾರು 31 ಸೆಂಟಿಮೀಟರ್ ಇರುವುದರಿಂದ ಎ4 ಅಳತೆಯ ಗಾಜಿನ ಮೇಲೆ ಅದನ್ನು ನಾಲ್ಕು ತುಂಡಾಗಿ ಹಿಡಿದು ಜೋಡಿಸಬೇಕಾಗುತ್ತದೆ. ಸಾಲದ್ದಕ್ಕೆ ಛಾಯಾಚಿತ್ರದ ಹಾಫ್‌ಟೋನ್ ಚುಕ್ಕಿಗಳು (ಅಚ್ಚಿನಲ್ಲಿ ಚಿತ್ರವನ್ನು ಕಟ್ಟುವ ಸಣ್ಣ ಚುಕ್ಕಿಗಳು) ಸ್ಕ್ಯಾನರಿನ ಗೆರೆಗಳೊಂದಿಗೆ ಸೇರಿ ಅಲೆಯಲೆಯಾದ ಕಲೆಗಳನ್ನು ಮೂಡಿಸುತ್ತವೆ. ಕವರನ್ನು ಸ್ವಲ್ಪ ಓರೆಯಾಗಿಟ್ಟು ಸ್ಕ್ಯಾನ್ ಮಾಡಿ, ಆಮೇಲೆ ನೇರಗೊಳಿಸಿದಾಗ ಕಲೆಗಳು ಬಹುಮಟ್ಟಿಗೆ ಹೋದವು.

ಮೊದಲು ಕೈಗೆತ್ತಿಕೊಂಡದ್ದು ಅಮೆರಿಕದ ಕವರ್ ವಿನ್ಯಾಸಕ ಅಲೆಕ್ಸ್ ಸ್ಟೈನ್‌ವೈಸ್ ಅವರ ಕೈಬರಹವನ್ನು. ನಿಮಿಷಕ್ಕೆ 78 ಸುತ್ತಿನ ಹಲವು ತಟ್ಟೆಗಳ ಲಕೋಟೆಗಳನ್ನು ಫೋಟೋ ಆಲ್ಬಮ್ಮಿನಂತೆ ಒಟ್ಟಿಗೆ ಹೊಲಿದು, ಕಂದು ಇಲ್ಲವೇ ಬೂದು ಬಣ್ಣದ ರಟ್ಟಿನ ಮೇಲೆ ಹೆಸರನ್ನಷ್ಟೇ ಅಚ್ಚೊತ್ತಿ ಮಾರುತ್ತಿದ್ದ ಕಾಲ ಅದು; ಇಂದಿಗೂ ನಾವು ಬಳಸುವ ‘ಆಲ್ಬಮ್’ ಎಂಬ ಮಾತು ಬಂದದ್ದು ಆ ಹೊಲಿದ ಪುಸ್ತಕಗಳಿಂದಲೇ. 1939ರಲ್ಲಿ ಕೊಲಂಬಿಯಾ ರೆಕಾರ್ಡ್ಸ್ ಸೇರಿದ ಸ್ಟೈನ್‌ವೈಸ್ ಮರುವರ್ಷವೇ ಅವುಗಳ ಮೇಲೆ ಚಿತ್ರ ತಂದರು, ಮುಂದೆ ಸುರುಳಿ ಸುತ್ತುವ ತಮ್ಮದೇ ಬರಹವನ್ನೂ ತಂದರು. ಆ ಬರಹವನ್ನು ನಾನು ಕಂಪ್ಯೂಟರಿನಲ್ಲಿ ಬಿಂದುಗಳನ್ನಿಟ್ಟು ತಿದ್ದಿ ತೆಗೆದಾಗ ಅಂಚುಗಳೆಲ್ಲ ಸರಿಯಾಗಿ ಕೂತವು, ಆದರೆ ಗೆರೆ ಓಡುತ್ತಿರಲಿಲ್ಲ. ಎರಡು ವಾರದ ಆ ಕೆಲಸವನ್ನು ಬದಿಗಿಟ್ಟು, ದುಂಡು ಮೊನೆಯ ಲೋಹದ ನಿಬ್ಬಿನಿಂದ ಪ್ರತಿಯೊಂದು ಅಕ್ಷರವನ್ನೂ ನೂರಾರು ಸಲ ಬರೆದ ಮೇಲೆ, ಸುರುಳಿ ಎಲ್ಲಿ ಆರಂಭವಾಗುತ್ತದೆ, ಕೈ ಎಲ್ಲಿ ಒಂದು ಕ್ಷಣ ತಡೆಯುತ್ತದೆ ಎಂಬುದು ತಿಳಿಯಿತು. ಈಗಿನ ಪ್ರತಿಯಲ್ಲಿ ಅಂಚು ಅಷ್ಟು ಚೊಕ್ಕವಾಗಿಲ್ಲ, ಆದರೂ ಮೂಲಕ್ಕೆ ಹೆಚ್ಚು ಹತ್ತಿರವಿರುವುದು ಇದೇ ಎಂದು ನನಗೆ ಖಚಿತವಾಗಿ ಅನಿಸುತ್ತದೆ.

ಉಳಿದ ಮೂರೂ ಜಾಝ್ ರೆಕಾರ್ಡ್‌ಗಳ ಬ್ಲೂ ನೋಟ್ ಕಂಪನಿಗಾಗಿ ರೀಡ್ ಮೈಲ್ಸ್ ಮಾಡಿದ ಕವರ್‌ಗಳು. 1950ರ ದಶಕದ ನಡುವಿನಿಂದ 1967ರವರೆಗೆ ಅವರು ಅಲ್ಲಿ ಸುಮಾರು 500 ಕವರ್‌ಗಳನ್ನು ರಚಿಸಿದರು. ಫ್ರಾನ್ಸಿಸ್ ವುಲ್ಫ್ ತೆಗೆದ ಕಪ್ಪುಬಿಳುಪು ಚಿತ್ರ, ಅದಕ್ಕೊಂದು ಬಣ್ಣ, ಬಹಳಷ್ಟು ಕವರ್‌ಗಳಲ್ಲಿ ಅಷ್ಟೇ ಸಾಮಗ್ರಿ. ಹಣದ ಮಿತಿ ಹಾಗೆ ಇದ್ದುದರಿಂದಲೇ ಚಿತ್ರ ಮಾಡಬೇಕಾದ ಕೆಲಸದ ಒಂದು ಪಾಲು ಅಕ್ಷರಗಳ ಪಾಲಿಗೆ ಬಂತು. ಜಾಕಿ ಮೆಕ್‌ಲೀನ್ ಅವರ ‘ಇಟ್ಸ್ ಟೈಮ್!’ ಕವರನ್ನೇ ನೋಡಿ: ಪುಟದ ಬಹುಭಾಗವನ್ನು ಸಾಲುಸಾಲಾದ ಆಶ್ಚರ್ಯಸೂಚಕ ಚಿಹ್ನೆಗಳೇ ತುಂಬಿವೆ, ವಾದಕರ ಚಿತ್ರಕ್ಕೆ ಸಿಕ್ಕಿರುವುದು ಸಣ್ಣದೊಂದು ಜಾಗ.

ಇದು ಎಲ್ಲಕ್ಕಿಂತ ಸುಲಭ ಎಂದು ನಾನು ಭಾವಿಸಿದ್ದೆ, ಎಲ್ಲಕ್ಕಿಂತ ಹೆಚ್ಚು ದಿನ ಹಿಡಿದದ್ದೂ ಇದೇ. ದಪ್ಪ ಮೈಯ ಫಾಂಟೊಂದನ್ನು ಆರಿಸಿ, ಚಿಹ್ನೆಯನ್ನು ಸಾಲಾಗಿ ಒತ್ತಿದರೆ ಸಾಲುಗಳ ನಡುವೆ ಅಗಲವಾದ ಬಿಳಿ ಪಟ್ಟಿಗಳು ಎದ್ದು ಕಂಡವು. ಪುಟ ಬೇಲಿಯ ಹಾಗೆ ಕಾಣುತ್ತಿತ್ತು. ಸಾಲುಗಳ ಅಂತರವನ್ನು ತಂತ್ರಾಂಶ ತಾನಾಗಿ ಕೊಡುವುದಕ್ಕಿಂತ ಬಹಳ ಕಡಿಮೆ ಮಾಡಿ, ಮೇಲಿನ ಸಾಲಿನ ಚುಕ್ಕಿಗೂ ಕೆಳಗಿನ ಸಾಲಿನ ತಲೆಗೂ ನಡುವಿನ ಬಿಳುಪು, ಪಕ್ಕಪಕ್ಕದ ಕಡ್ಡಿಗಳ ನಡುವಿನ ಬಿಳುಪಿಗೆ ಸರಿಸಮವಾಗುವಂತೆ ತಂದ ಮೇಲಷ್ಟೇ ಕಣ್ಣು ಒಂದೊಂದು ಚಿಹ್ನೆಯನ್ನು ಬಿಡಿಯಾಗಿ ನೋಡುವುದನ್ನು ಬಿಟ್ಟು ಇಡೀ ಹರವನ್ನು ನೋಡಲು ತೊಡಗಿತು. ಯಾವ ಫಾಂಟ್ ಎಂದು ಹುಡುಕುತ್ತ ಕಳೆದ ದಿನಗಳೆಲ್ಲ ವ್ಯರ್ಥವಾದವೆಂದೇ ಹೇಳಬೇಕು. ಆ ಕವರಿನ ಬಲವಿರುವುದು ಅಂತರದಲ್ಲಿ. ನನ್ನ ಪಟ್ಟಿಯಲ್ಲಿರುವ ಉಳಿದ ಮೈಲ್ಸ್ ಕವರ್‌ಗಳಿಗೂ ಈಗ ಈ ಮಾತನ್ನೇ ಹಿಡಿದು ಅಳೆಯುತ್ತಿದ್ದೇನೆ.

ಅಂತರ ಎಂದಾಗ ಆ ಕಾಲದ ಕೆಲಸದ ರೀತಿಯನ್ನೂ ಹೇಳಬೇಕು. ಲೋಹದ ಅಚ್ಚುಮೊಳೆಯಲ್ಲಿ ಅಕ್ಷರದ ಸುತ್ತ ಲೋಹದ ಮೈ ಇರುತ್ತದೆ. ಆ ಮೈಗಳು ಒಂದಕ್ಕೊಂದು ತಾಗಿದ ಮೇಲೆ ಅಕ್ಷರಗಳು ಇನ್ನಷ್ಟು ಹತ್ತಿರ ಬರಲಾರವು. ಆದ್ದರಿಂದ ಬಿಗಿಯಾದ ಜೋಡಣೆ ಬೇಕಾದವರು ಮೊಳೆಗಳಿಂದ ನಯವಾದ ಕಾಗದದ ಮೇಲೆ ಒಂದು ಚೊಕ್ಕ ಪ್ರತಿ ತೆಗೆಸಿ, ಅಕ್ಷರಗಳನ್ನು ಚಾಕುವಿನಿಂದ ಕತ್ತರಿಸಿ, ಅಂಟಿನಿಂದ ಬೇಕಾದಲ್ಲಿ ಕೂರಿಸುತ್ತಿದ್ದರು. 1961ರಲ್ಲಿ ಲೆಟ್ರಾಸೆಟ್ ಕಂಪನಿಯ, ಅಕ್ಷರಗಳನ್ನು ಉಜ್ಜಿ ಅಂಟಿಸುವ ಒಣ ಹಾಳೆಗಳು ಬಂದ ಮೇಲೆ ಈ ಕೆಲಸ ಹಗುರವಾಯಿತು. ಮೂರನೆಯ ಕವರಿನ ಹೆಸರನ್ನು ನಾನು ಕಾಗದದಲ್ಲಿಯೇ ಮುದ್ರಿಸಿ, ಕತ್ತರಿಸಿ, ಅಂಟಿಸಿ ನೋಡಿದೆ. ಪರದೆಯ ಮೇಲೆ ಸಂಖ್ಯೆಗಳನ್ನು ತಿದ್ದುತ್ತ ಒಂದು ವಾರದಲ್ಲಿ ಸಿಗದ ಜೋಡಣೆ ಒಂದು ಸಂಜೆಯಲ್ಲಿ ಸಿಕ್ಕಿತು, ಏಕೆಂದರೆ ತುಂಡನ್ನು ಬೆರಳಿನಿಂದ ತಳ್ಳುವಾಗ ನಾನು ಅಕ್ಷರವನ್ನು ಬಿಟ್ಟು ಪಕ್ಕದ ಬಿಳಿಯ ಜಾಗವನ್ನೇ ನೋಡುತ್ತಿದ್ದೆ. ನಾಲ್ಕನೆಯದನ್ನೂ ಹಾಗೆಯೇ ಮುಗಿಸಿದೆ.

ಐದನೆಯದು ಎರಡು ಬಣ್ಣದ್ದು: ಕೆಳಗೆ ಕಿತ್ತಳೆ, ಮೇಲೆ ಕಪ್ಪು ಛಾಯಾಚಿತ್ರ, ಅದರೊಳಗೆ ಬಿಳಿಯಾಗಿ ಉಳಿಯಬೇಕಾದ ಹೆಸರು. ಮನೆಯಲ್ಲೇ ಸ್ಕ್ರೀನ್ ಪ್ರಿಂಟಿಂಗ್ ಮಾಡಿ ಮೂರು ಪರೀಕ್ಷಾ ಪ್ರತಿ ತೆಗೆದೆ. ಎರಡು ಬಣ್ಣಗಳಲ್ಲೂ ಅಕ್ಷರದ ಅಂಚನ್ನು ಒಂದೇ ಗೆರೆಯಲ್ಲಿ ಬಿಟ್ಟಿದ್ದರಿಂದ, ಕಿತ್ತಳೆ ಅರ್ಧ ಮಿಲಿಮೀಟರ್ ಸರಿದರೂ ಹೆಸರಿನ ಒಂದು ಬದಿಗೆ ಬಣ್ಣದ ಎಳೆ ಕಾಣಿಸಿಕೊಳ್ಳುತ್ತಿದೆ. ಕಿತ್ತಳೆಯಲ್ಲಿ ಬಿಡುವ ಅಕ್ಷರವನ್ನು ಕಪ್ಪಿನಲ್ಲಿ ಬಿಡುವುದಕ್ಕಿಂತ ಒಂದಿಷ್ಟು ದಪ್ಪ ಮಾಡಿದರೆ ಅಂಚನ್ನು ಕಪ್ಪು ಮಾತ್ರವೇ ಕಾಯುತ್ತದೆ. ಕಿತ್ತಳೆಯ ಸ್ಕ್ರೀನನ್ನು ಆ ಅಳತೆಗೆ ಈ ವಾರ ಮತ್ತೆ ತಯಾರಿಸುತ್ತಿದ್ದೇನೆ.