ನನಗೆ ಇನ್ನೇನು ಕಡಿಮೆ?

ಕಳೆದ ಭಾನುವಾರ ಆರಾಧನೆ ಮುಗಿದು ಎಲ್ಲರೂ ಚರ್ಚಿನ ಅಂಗಳದಲ್ಲಿ ನಿಂತಿದ್ದಾಗ ಕಿವಿಗೆ ಬಿದ್ದ ಮಾತು ವಾರವಿಡೀ ನನ್ನನ್ನು ಕಾಡುತ್ತಿದೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನಮ್ಮ ಸಭೆಯ ಹುಡುಗ ಹಿರಿಯರೊಬ್ಬರಿಗೆ ತಗ್ಗಿದ ದನಿಯಲ್ಲಿ ಹೇಳುತ್ತಿದ್ದ: "ಕೆಲಸ ಇದೆ ಅಂಕಲ್, ಫ್ಲ್ಯಾಟೂ ಆಯಿತು. ಆದರೆ ಬೆಳಿಗ್ಗೆ ಎದ್ದ ಕೂಡಲೇ, ಇದೆಲ್ಲ ಯಾತಕ್ಕೆ ಅನ್ನಿಸುತ್ತದೆ."

"ಪ್ರಾರ್ಥನೆ ಕಡಿಮೆ ಮಾಡಿದ್ದೀಯ. ಬೇಗ ಮದುವೆಯಾಗು, ಎಲ್ಲ ಸರಿಹೋಗುತ್ತದೆ."

"ಆಗಲಿ ಅಂಕಲ್."

ಆ "ಆಗಲಿ ಅಂಕಲ್" ನನಗೆ ಸಂಕಟ ತಂದಿತು. ಎಷ್ಟು ಮರ್ಯಾದೆಯಿಂದ ಹೇಳಿದ! ಇನ್ನು ಮುಂದೆ ಅವನು ಇಂಥದ್ದನ್ನು ಚರ್ಚಿನಲ್ಲಿ ಯಾರ ಬಳಿಯೂ ಬಾಯಿಬಿಡಲಾರ. ಆ ಹಿರಿಯರು ಕೆಟ್ಟವರಲ್ಲ. ಯಾರ ಮನೆಯಲ್ಲಿ ಕಾಯಿಲೆಯಾದರೂ ನಡುರಾತ್ರಿಯಲ್ಲೂ ಆಸ್ಪತ್ರೆಗೆ ಓಡುವವರು. ಆದರೆ ಇಂಥ ಪ್ರಶ್ನೆ ಎದುರಾದರೆ ಅವರಿಗೆ ಭಯ. ವಿಶ್ವಾಸಿಗೆ ಶೂನ್ಯಭಾವ ಬರಬಾರದು, ಬಂದರೆ ವಿಶ್ವಾಸದಲ್ಲೇ ಏನೋ ಕೊರತೆಯಿದೆ ಎಂದು ಅವರು ನಂಬಿದ್ದಾರೆ. ನಮ್ಮಲ್ಲಿ ಬಹಳ ಜನ ಹಾಗೆ ನಂಬಿದ್ದಾರೆ.

ಹಾಗಾದರೆ ಪ್ರಸಂಗಿಯ ಗ್ರಂಥ ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಏಕಿದೆ? ಅದರ ಎರಡನೆಯ ಅಧ್ಯಾಯದಲ್ಲಿ ಪ್ರಸಂಗಿ ಮನೆಗಳನ್ನು ಕಟ್ಟಿಸುತ್ತಾನೆ, ದ್ರಾಕ್ಷಿತೋಟ ಹಾಕಿಸುತ್ತಾನೆ, ಕೆರೆಗಳನ್ನು ತೋಡಿಸುತ್ತಾನೆ, ಬೆಳ್ಳಿಬಂಗಾರ ಕೂಡಿಸುತ್ತಾನೆ. ಕೊನೆಗೆ ಎಲ್ಲವನ್ನೂ ತಿರುಗಿ ನೋಡಿ, ಗಾಳಿಯನ್ನು ಹಿಂದಟ್ಟಿದಂತಾಯಿತು ಎನ್ನುತ್ತಾನೆ. ಆ ನಿಟ್ಟುಸಿರನ್ನು ಯಾರೂ ಅಳಿಸಿಹಾಕಲಿಲ್ಲ.

ಮುಂದೆ ಕ್ರೈಸ್ತ ಸಭೆಯ ದೊಡ್ಡ ಗುರುವಾದ ಸಂತ ಅಗಸ್ಟೀನನೂ ನೆನಪಾದ. ಮಿಲಾನಿನಲ್ಲಿ ವಾಕ್ಚಾತುರ್ಯ ಕಲಿಸುತ್ತಿದ್ದ, ಹೆಸರು ಮಾಡಿದ್ದ. ಚಕ್ರವರ್ತಿಯನ್ನು ಹೊಗಳುವ ಭಾಷಣದ ಚಿಂತೆಯಲ್ಲಿ ಹೋಗುತ್ತಿದ್ದಾಗ, ಕುಡಿದು ನಗುತ್ತಿದ್ದ ಭಿಕ್ಷುಕನೊಬ್ಬ ಬೀದಿಯಲ್ಲಿ ಕಂಡ. ನಾವು ಇಷ್ಟು ಹೆಣಗಿ ಹುಡುಕುವ ನೆಮ್ಮದಿ ಇವನಿಗೆ ನಾಲ್ಕು ಕಾಸಿಗೆ ಸಿಕ್ಕಿತಲ್ಲ ಎಂದು ಸ್ನೇಹಿತರ ಮುಂದೆ ಮರುಗಿದ. ಅವನಿಗೂ ತಾಯಿ ಮೋನಿಕಾ ಹೆಣ್ಣು ಗೊತ್ತುಮಾಡಿದ್ದಳು! ಆ ಮದುವೆ ನಡೆಯಲಿಲ್ಲ. ಕ್ರಿ.ಶ. 386ರಲ್ಲಿ ಅದೇ ಊರಿನ ಒಂದು ತೋಟದಲ್ಲಿ ಅತ್ತು, ಸತ್ಯವೇದದಲ್ಲಿರುವ ಪೌಲನ ಪತ್ರ ತೆರೆದು ಓದಿದಾಗ ಅವನ ಬದುಕು ತಿರುಗಿತು. ಆ ಅಶಾಂತಿಯೇ ಅವನನ್ನು ದೇವರ ಕಡೆಗೆ ಎಳೆದು ತಂದಿತು. ಯಾರಾದರೂ ಅದಕ್ಕೆ ಮೊದಲೇ ಮದ್ದು ಕೊಟ್ಟು ಮಲಗಿಸಿಬಿಟ್ಟಿದ್ದರೆ?

ನಮ್ಮ ಹುಡುಗನ ಪ್ರಶ್ನೆಯನ್ನೇ ಯೇಸುವಿನ ಮುಂದೆ ಒಬ್ಬ ಐಶ್ವರ್ಯವಂತ ಯುವಕ ಇಟ್ಟಿದ್ದ. ಆಜ್ಞೆಗಳನ್ನೆಲ್ಲ ಪಾಲಿಸಿದ್ದೇನೆ, ನನಗೆ ಇನ್ನೇನು ಕಡಿಮೆ ಎಂದು ಅವನು ಕೇಳಿದ್ದನ್ನು ಮತ್ತಾಯ ತನ್ನ ಸುವಾರ್ತೆಯಲ್ಲಿ ಬರೆದಿದ್ದಾನೆ. ಮಾರ್ಕ ಮಾತ್ರ ಇನ್ನೊಂದು ಮಾತು ಸೇರಿಸುತ್ತಾನೆ: ಯೇಸು ಅವನನ್ನು ದೃಷ್ಟಿಸಿ ನೋಡಿ ಪ್ರೀತಿಸಿದನು. ಇರುವುದನ್ನು ಮಾರಿ ಬಡವರಿಗೆ ಕೊಟ್ಟು ನನ್ನನ್ನು ಹಿಂಬಾಲಿಸು ಎಂಬ ಕಠಿಣ ಮಾತು ಬಂದದ್ದು ಆಮೇಲೆ. ತುಂಬಿಸಿಕೊಳ್ಳಲು ಬಂದವನಿಗೆ ಬರಿದು ಮಾಡಿಕೋ ಎಂದನು. ಯುವಕ ವ್ಯಥೆಪಟ್ಟು ಹೊರಟುಹೋದ. ಯೇಸು ಹಿಂದೆ ಓಡಿ ಬೆಲೆ ಇಳಿಸಲಿಲ್ಲ. ಬದುಕಿನ ಅರ್ಥವನ್ನು ನಮ್ಮೊಳಗೇ ಅಗೆದರೆ ಸಿಗುವುದಿಲ್ಲ, ಕರೆಯುವವನ ಹಿಂದೆ ನಡೆಯುವಾಗ, ಇನ್ನೊಬ್ಬರಿಗಾಗಿ ಕೈ ಬಿಚ್ಚುವಾಗ ಸಿಗುತ್ತದೆ ಎಂದು ನಾನು ನಂಬುತ್ತೇನೆ. ಆದರೆ ಅದನ್ನು ಅಂಗಳದಲ್ಲಿ ನಿಂತು, ಗಡಿಯಾರ ನೋಡುತ್ತ ಹೇಳಲಾಗದು.

ನಮ್ಮ ಯುವಜನ ಕೂಟದಲ್ಲಿ ಹಾಡಿನ ಅಭ್ಯಾಸ, ಕ್ರಿಕೆಟ್ ಪಂದ್ಯ ಎಲ್ಲಕ್ಕೂ ಸಮಯವಿದೆ. ಒಂದು ಸಂಜೆ ಪ್ರಸಂಗಿಯನ್ನು ಓದಲು ಕೊಡಿ ಎಂದು ನಮ್ಮ ಸಭೆಯ ಪಾಲಕರಾದ ಅಯ್ಯನವರನ್ನು ಕೇಳಿದೆ, ಒಪ್ಪಿದರು. ಮೊದಲ ಅರ್ಧ ಗಂಟೆ ಹುಡುಗರು ಮಾತ್ರ ಮಾತನಾಡಲಿ, ಉತ್ತರ ಹೇಳಲು ಹಿರಿಯರು ಯಾರೂ ಏಳುವುದು ಬೇಡ ಎಂದೂ ಬೇಡಿಕೊಂಡಿದ್ದೇನೆ.